ನೂರರ ಆಜೂಬಾಜೂ ಕುಸಿಯಬೇಕು

ಏಪ್ರಿಲ್ 21, ಸೋಮವಾರ

ಬಂತು! ಕೊನೆಗೂ ನನ್ನ ಕೋನ್ ಬಂತು! ಗೋಕಾಕದಿಂದ ಬಂದ ಟಂಟಂನಲ್ಲಿ ಸಿಮೆಂಟ್ ಚೀಲಗಳ ನಡುವೆ ಸಿಕ್ಕಿಕೊಂಡು, ಒಂದು ಚೌಕ ಕಬ್ಬಿಣದ ತಗಡು, ಒಂದು ಸರಳಿನ ಜೊತೆ ಇಳಿಯಿತು. ನೋಡಿದರೆ ತಳವಿಲ್ಲದ ಬಕೆಟ್ಟು. ಕೆಳಗೆ ಅಗಲ, ಮೇಲೆ ಕಿರಿದು, ಎತ್ತರ ಮುನ್ನೂರು ಮಿಲಿಮೀಟರ್. ಆದರೆ ಈ ಸೈಟಿನಲ್ಲಿ ಇನ್ನು ಮೇಲೆ ಈ ಬಕೆಟ್ಟು ಹೇಳಿದ್ದೇ ಮಾತು.

ಪುಸ್ತಕದಲ್ಲಿದ್ದದ್ದು ನನಗೆ ಬಾಯಿಪಾಠ. ತಗಡಿನ ಮೇಲೆ ಕೋನ್ ಇಟ್ಟು, ಕಾಲಿನಿಂದ ಒತ್ತಿ ಹಿಡಿದು, ಈಗಷ್ಟೇ ಕಲಸಿದ ಹಸಿ ಕಾಂಕ್ರೀಟನ್ನು ಮೂರು ಪದರ ತುಂಬಬೇಕು. ಪದರಕ್ಕೆ ಇಪ್ಪತ್ತೈದು ಸಲ ಸರಳಿನಿಂದ ಕುಟ್ಟಬೇಕು. ಆಮೇಲೆ ಕೋನನ್ನು ನೆಟ್ಟಗೆ ಮೇಲಕ್ಕೆತ್ತಿದರೆ ಒಳಗಿನ ಗುಡ್ಡೆ ಕುಸಿಯುತ್ತದೆ. ಎಷ್ಟು ಕುಸಿಯಿತೆಂದು ಅಳೆದರೆ ಆಯಿತು. ನಮ್ಮ ಸೇತುವೆಗೆ ನೂರು ಮಿಲಿಮೀಟರ್ ಆಜೂಬಾಜೂ. ಎಪ್ಪತ್ತೈದಕ್ಕಿಂತ ಕಡಿಮೆಯಾದರೆ ಕಲಸಿದ ಮಾಲು ಗಟ್ಟಿ, ಸರಳುಗಳ ಸಂದಿಗೆ ಇಳಿಯುವುದಿಲ್ಲ. ನೂರಿಪ್ಪತ್ತೈದು ದಾಟಿದರೆ ನೀರು ಹೆಚ್ಚು, ಒಣಗಿದ ಮೇಲೆ ಬಲ ಇರುವುದಿಲ್ಲ.

ಮಾಲು ತಪಾಸಣೆಯ ಈ ನೌಕರಿಯಲ್ಲಿ ನನ್ನ ಮೂರು ತಿಂಗಳ ಪರೀಕ್ಷಾ ಅವಧಿ ಮೇ 31ಕ್ಕೆ ಮುಗಿಯುತ್ತದೆ. ಗೋಕಾಕದ ಆಫೀಸಿನ ರಾಜಪ್ಪ ಸಾಹೇಬರು ಗುಣಮಟ್ಟದ ಮುಖ್ಯಸ್ಥರು. ಅವರು ಕಾಯಂ ಅಂದರೆ ಕಾಯಂ. ಇಲ್ಲವೆಂದರೆ ಹುಕ್ಕೇರಿಗೆ ವಾಪಸ್, ಮತ್ತೆ ಅಣ್ಣನ ಝೆರಾಕ್ಸ್ ಅಂಗಡಿ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಊರಿನವರ ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿದ್ದೇನೆ. ಸಾಕಪ್ಪಾ ಸಾಕು. ಇನ್ನು ನಲವತ್ತು ದಿನ.

ಏಪ್ರಿಲ್ 23, ಬುಧವಾರ

ತೊಂಬತ್ತೈದು! ಮೊದಲನೆಯ ಅಳತೆಯೇ ತೊಂಬತ್ತೈದು! ಕೋನ್ ಎತ್ತಿದೆ. ಗುಡ್ಡೆ ಒಂದು ಕ್ಷಣ ನಿಂತಂತೆ ಮಾಡಿ, ಮೆಲ್ಲಗೆ ಕೂತುಕೊಂಡಿತು. ಎಷ್ಟು ಚೆಂದ ಕೂತಿತೆಂದರೆ ಫೋಟೋ ತೆಗೆದು ಡಿಪ್ಲೊಮಾದ ಗೆಳತಿಯರ ಗ್ರೂಪಿಗೆ ಹಾಕಿದೆ. ಒಬ್ಬಳು "ಇದೇನು ಸಗಣಿ?" ಎಂದು ಕೇಳಿದಳು. ಹೊಟ್ಟೆಕಿಚ್ಚು.

ಈ ಸೇತುವೆ ನಾನು ರೂಮು ಮಾಡಿರುವ ಮೂಡಲಗಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಮಳೆಗಾಲದಲ್ಲಿ ಹಳ್ಳ ಬಂದರೆ ಆಚೆಯ ತೋಟದ ಮನೆಗಳ ಮಂದಿ ಈಚೆ ಬರಲಾರರು, ಮಕ್ಕಳಿಗೆ ಶಾಲೆ ತಪ್ಪುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲು ಮೇಲಿನ ಸ್ಲ್ಯಾಬ್ ಹಾಕಿ ಮುಗಿಯಬೇಕು ಎಂದು ಕಂತ್ರಾಟದಾರರ ಮ್ಯಾನೇಜರ್ ಅಜಿತ ಸರ್ ದಿನಾ ಒದರುತ್ತಾರೆ. ಈಗ ದಂಡೆಯ ಗೋಡೆಗಳ ಕೆಲಸ ನಡೆದಿದೆ. ಕೆಲಸ ಮಾಡುವುದು ಗೌಂಡಿ ಶೆಟ್ಟೆಪ್ಪನ ಗ್ಯಾಂಗು. ಅವನೂ ಹುಕ್ಕೇರಿ ಕಡೆಯವನೇ. ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ಹಳ್ಳದ ದಂಡೆಯಲ್ಲೇ ತಗಡಿನ ಶೆಡ್ ಹಾಕಿದ್ದಾನೆ. ಅವನ ಹೆಂಡತಿ ಯಮನವ್ವ ಅಷ್ಟೂ ಮಂದಿಗೆ ಅಡುಗೆ ಮಾಡಿ, ಮತ್ತೆ ಬಂದು ಖಡಿಕಲ್ಲಿನ ಬುಟ್ಟಿಯನ್ನೂ ಹೊರುತ್ತಾಳೆ.

ನಾನು ಅಳೆಯುವುದಕ್ಕೆ ಮೊದಲು ಶೆಟ್ಟೆಪ್ಪ ಒಂದು ಹಿಡಿ ಮಾಲು ಎತ್ತಿ, ಮುಷ್ಟಿ ಬಿಗಿದು, ಬಿಚ್ಚಿ ನೋಡಿದ.

"ಸರಿ ಐತ್ರಿ ಮೇಡಂ. ಇದಕ್ಕ ಬಕೀಟ್ ಯಾಕ ಬೇಕ್ರಿ?"

"ನಿಮ್ಮ ಮುಷ್ಟಿಗೆ ಮಿಲಿಮೀಟರ್ ಗುರ್ತು ಹೊಡದೈತೇನ್ರಿ?" ಎಂದೆ.

ಎಲ್ಲರೂ ನಕ್ಕರು. ಅವನ ಗ್ಯಾಂಗಿನವರೇ ನಕ್ಕರು. ಹೀಗೆ ಮೊದಲನೆಯ ದಿನವೇ ಬಾಯಿ ಮುಚ್ಚಿಸಬೇಕು, ಇಲ್ಲದಿದ್ದರೆ ಹೆಣ್ಣುಮಗಳೆಂದು ತಲೆ ಮೇಲೆ ಕೂರುತ್ತಾರೆ.

ಏಪ್ರಿಲ್ 30, ಬುಧವಾರ

ಬಸವ ಜಯಂತಿ, ಸೈಟಿಗೆ ರಜೆ. ಹುಕ್ಕೇರಿಗೆ ಹೋಗಿದ್ದೆ. ಅವ್ವನಿಗೆ ನನ್ನ ಕೆಲಸ ತೋರಿಸಲು ಉಪ್ಪಿಟ್ಟನ್ನು ಸ್ಟೀಲ್ ಲೋಟಕ್ಕೆ ತುಂಬಿ, ಚಮಚದಿಂದ ಕುಟ್ಟಿ, ತಟ್ಟೆಗೆ ಬೋರಲು ಹಾಕಿ ಲೋಟ ಎತ್ತಿದೆ. ಕುಸಿಯಲೇ ಇಲ್ಲ.

"ನೀರ ಕಡಿಮಿ ಆಗೇತಿ ನೋಡವ್ವಾ. ರಿಜೆಕ್ಟ್!"

"ರಿಜೆಕ್ಟ್ ಮಾಡಾಕಿ ಉಪವಾಸ ಇರು," ಎಂದು ಅವ್ವ ತಟ್ಟೆ ಎಳೆದುಕೊಂಡಳು. ಅಣ್ಣ ನಗುನಗುತ್ತಾ, "ಜೂನಿಗೆ ಅಂಗಡಿಗೆ ಬರ್ತಿಯಲ್ಲ, ಆವಾಗ ಕಾಗದ ಅಳಿ," ಎಂದ. ಅವನಿಗೆ ಒಂದು ಹೊಡೆಯಬೇಕೆನ್ನಿಸಿತು. ತೋರಿಸುತ್ತೇನೆ ಇವನಿಗೆ.

ಮೇ 5, ಸೋಮವಾರ

ಸಿಕ್ಕಿಬಿದ್ದ! ಇವತ್ತು ಕೋನ್ ಎತ್ತಿದ್ದೇ ತಡ, ಗುಡ್ಡೆ ನಿಲ್ಲಲೇ ಇಲ್ಲ. ಅರ್ಧ ಭಾಗ ಒಂದು ಬಾಜೂಕ್ಕೆ ಜಾರಿ ಹೋಯಿತು. ಹಾಗೆ ಜಾರಿದರೆ ಇನ್ನೊಮ್ಮೆ ಮಾಡಬೇಕೆಂದು ನಿಯಮ. ಮಾಡಿದೆ. ಮತ್ತೆ ಜಾರಿತು. ಕುಸಿದದ್ದು ಅಳೆದರೆ ನೂರಾ ಅರವತ್ತು. ಬೇರೆ ಏನಿರಲು ಸಾಧ್ಯ? ನೀರು! ಕಲಸುವ ಕೈಗೆ ಹಗುರಾಗಲೆಂದು ಗೌಂಡಿಗಳು ನೀರು ಸುರಿಯುತ್ತಾರೆಂದು ಕಾಲೇಜಿನಲ್ಲೇ ಹೇಳಿದ್ದರು.

"ಚೆಲ್ಲಿಸ್ರಿ," ಎಂದೆ. ಅಜಿತ ಸರ್ ನನ್ನ ಮುಖ ನೋಡಿದರು. ನಾನು ಮಿಸುಕಲಿಲ್ಲ. ಚೆಲ್ಲಿಸಿದರು! ನನ್ನ ಒಂದು ಮಾತಿಗೆ ಒಂದು ಮಿಕ್ಸರ್ ಮಾಲು ಹಳ್ಳದ ದಂಡೆ ಸೇರಿತು. ಸಂಜೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಮೇ 7, ಬುಧವಾರ

ಮತ್ತೆ ಅದೇ. ನೂರಾ ಐವತ್ತೈದು, ಬಾಜೂಕ್ಕೆ ಜಾರಿತು. ರಿಜಿಸ್ಟರಿನಲ್ಲಿ ಬರೆದೆ: "ಗೌಂಡಿಯು ನಿಗದಿಗಿಂತ ಹೆಚ್ಚು ನೀರು ಹಾಕಿದ್ದಾನೆ." ಸಹಿ ಮಾಡಿದೆ. ಫೋಟೋ ತೆಗೆದು ಗೋಕಾಕಕ್ಕೆ ಕಳಿಸಿದೆ. ರಾಜಪ್ಪ ಸಾಹೇಬರಿಂದ ಉತ್ತರ: "ನೋಡಿದೆ." ಬರೀ ಒಂದು ಪದ, ಆದರೆ ನೋಡಿದ್ದಾರೆ!

ಶೆಟ್ಟೆಪ್ಪ ಬಂದು ನಿಂತ. "ಒಂದ್ ಹನಿ ಹೆಚ್ಚ ಹಾಕಿಲ್ರಿ. ಇಪ್ಪತ್ತ ವರ್ಷ ಆತು ಈ ಕೆಲಸಾ ಮಾಡಾಕತ್ತ."

"ಹಂಗಾದ್ರ ಅಳತಿ ಸುಳ್ಳ ಹೇಳತೈತೇನ್ರಿ?"

"ಅಳತಿ ಸುಳ್ಳ ಹೇಳೂದಿಲ್ರಿ. ಆದ್ರ ನಾನೂ ಹೇಳಿಲ್ಲ."

ಎಷ್ಟು ಸೊಕ್ಕು! ಅಜಿತ ಸರ್ ಹೇಳಿಬಿಟ್ಟರು, ಇನ್ನೊಮ್ಮೆ ಹೀಗಾದರೆ ಗ್ಯಾಂಗ್ ಬದಲು ಎಂದು. ಹುಡುಕಿದರೆ ಬೇರೆ ಗ್ಯಾಂಗಿಗೇನು ಬರ.

ಮೇ 9, ಶುಕ್ರವಾರ

ಮೂರನೆಯ ಸಲ. ನೂರಾ ಅರವತ್ತು. ಸೋಮವಾರ ಶೆಡ್ ಖಾಲಿ ಮಾಡಬೇಕೆಂದು ಅಜಿತ ಸರ್ ಹೇಳಿದರು. ಹೊಸ ಗ್ಯಾಂಗಿಗೆ ಫೋನ್ ಹೋಗಿದೆ.

ಗ್ಯಾಂಗಿನವರು ನನ್ನಿಂದ ದೂರ ಕೂತು ಉಂಡರು. ಯಮನವ್ವ ಮಾತ್ರ ಮಧ್ಯಾಹ್ನ ಎಂದಿನಂತೆ ಒಂದು ಥಾಲಿಪಟ್ಟು ತಂದು ನನ್ನ ಡಬ್ಬಿಯ ಮುಚ್ಚಳದಲ್ಲಿ ಇಟ್ಟಳು. ಬೇಡವೆಂದೆ. "ಸಿಟ್ಟ ಕೆಲಸದ ಮ್ಯಾಲೆ ಇರಲಿ, ಊಟದ ಮ್ಯಾಲೆ ಬ್ಯಾಡ," ಎಂದಳು. ತಿಂದೆ. ಚೆನ್ನಾಗಿತ್ತು, ಅದು ಇನ್ನೂ ಸಿಟ್ಟು ತರಿಸಿತು. ನಾನೇನು ತಪ್ಪು ಮಾಡಿದ್ದೇನೆ? ಅಳೆದಿದ್ದೇನೆ, ಬರೆದಿದ್ದೇನೆ. ನಾಳೆ ಬೇಗ ಬಾ, ಏಳಕ್ಕೇ ಕೆಲಸ ಶುರು ಎಂದಿದ್ದಾರೆ ಅಜಿತ ಸರ್. ಮೊದಲನೆಯ ಬಸ್ಸು ಹಿಡಿಯಬೇಕು.

ಮೇ 10, ಶನಿವಾರ

ಅಯ್ಯೋ ದೇವರೇ. ಎಲ್ಲಿಂದ ಶುರು ಮಾಡಲಿ.

ಮೊದಲನೆಯ ಬಸ್ಸಿಗೆ ಬಂದೆ. ಇನ್ನೂ ಆರೂವರೆ. ಕುಡಿಯುವ ನೀರಿಗೆಂದು ಶೆಡ್ಡಿನ ಕಡೆ ಹೋದರೆ ಯಮನವ್ವ ಮೂರು ಕಲ್ಲಿನ ಒಲೆ ಮುಂದೆ ಕೂತು ಥಾಲಿಪಟ್ಟು ತಟ್ಟುತ್ತಿದ್ದಾಳೆ. ಹಂಚಿನ ಮೇಲೆ ನಾಲ್ಕು ಥಾಲಿಪಟ್ಟು ಒಟ್ಟಿಗೆ! ಇಷ್ಟು ದೊಡ್ಡ ಹಂಚು ಎಲ್ಲಿ ಸಿಕ್ಕಿತೆಂದು ಬಗ್ಗಿ ನೋಡಿದೆ. ಚೌಕ. ಮೂಲೆಯಲ್ಲಿ ಹಿಡಿಕೆ. ಅದರ ಮೇಲೆ ನಾನೇ ಕೆಂಪು ಬಣ್ಣದಲ್ಲಿ ಬರೆದ "ಕ್ವಾಲಿಟಿ".

ನನ್ನ ತಗಡು! ನನ್ನ ಕೋನಿನ ತಗಡು!

"ನಮ್ಮ ಹಂಚ ಹ್ವಾದ ಶನಿವಾರ ಬಿದ್ದ ಎರಡ ಹೋಳಾತ ಯವ್ವಾ," ಎಂದಳು ಯಮನವ್ವ, ಒಂದಿಷ್ಟೂ ಅಳುಕಿಲ್ಲದೆ. "ನೀ ಬರೂದು ಎಂಟೂವರಿಗೆ. ಅಷ್ಟರಾಗ ಹನ್ನೆರಡ ಮಂದೀದ ಮುಗಿಸಿ, ಬೂದಿ ಹಚ್ಚಿ ತಿಕ್ಕಿ, ಇದ್ದ ಜಾಗಾದಾಗ ಇಡ್ತೇನಲ್ಲ. ಭಾಳ ಛಲೋ ಬೇಯ್ತಾವ ಇದರ ಮ್ಯಾಲೆ."

ಹೋದ ಶನಿವಾರ. ಮೊದಲ ಸಲ ಜಾರಿದ್ದು ಅದರ ಮುಂದಿನ ಸೋಮವಾರ!

ತಗಡು ಆರಿದ ಮೇಲೆ ಅದರ ಮೇಲೆ ಅಡ್ಡ ಸ್ಕೇಲ್ ಇಟ್ಟೆ. ನಡುವೆ ಉಬ್ಬಿದೆ. ಎರಡೂ ತುದಿಯಲ್ಲಿ ಸ್ಕೇಲಿನ ಕೆಳಗೆ ನನ್ನ ಬೆರಳು ಆರಾಮಾಗಿ ಹೋಗುತ್ತದೆ. ಎಣ್ಣೆ ಕುಡಿದು ಕುಡಿದು ಮಿರಿಮಿರಿ ಮಿಂಚುತ್ತಿದೆ, ಬೂದಿಗೆಲ್ಲ ಹೋಗುವ ಎಣ್ಣೆಯಲ್ಲ ಅದು. ದಿನಾ ಉಸುಕಿನ ಮೇಲೆ ಇಡುತ್ತಿದ್ದೆ, ಮೂಲೆಗಳು ಉಸುಕಿನಲ್ಲಿ ಹೂತು ಉಬ್ಬು ಕಾಣಿಸಿರಲಿಲ್ಲ. ಇಂಥ ಗುಮ್ಮಟದ ಮೇಲೆ ಕಾಂಕ್ರೀಟ್ ಜಾರದೆ ಇನ್ನೇನು ಮಾಡೀತು?

ಓಡಿದೆ. ಸ್ಲ್ಯಾಬಿನ ಅಡಿಗೆ ಹಾಸುವ ಸೆಂಟ್ರಿಂಗಿನ ಒಂದು ಹೊಸ ಸಪಾಟು ಪ್ಲೇಟ್ ತಂದೆ. ಏಳಕ್ಕೆ ಕಲಸಿದ ಒಂದೇ ಮಾಲನ್ನು ಮೊದಲು ಇದರ ಮೇಲೆ, ಆಮೇಲೆ ಅದರ ಮೇಲೆ ಅಳೆದೆ. ಹೊಸ ಪ್ಲೇಟಿನ ಮೇಲೆ ನೂರು. ಥಾಲಿಪಟ್ಟಿನ ಹಂಚಿನ ಮೇಲೆ ನೂರಾ ಐವತ್ತೈದು, ಜಾರಿತು! ಮತ್ತೆ ಮಾಡಿದೆ. ನೂರಾ ಐದು, ನೂರಾ ಅರವತ್ತು! "ಸಿಕ್ತು, ಸಿಕ್ತು!" ಎಂದು ಕುಣಿದಾಡಿಬಿಟ್ಟೆ, ಖರೆಯಾಗಿಯೂ. ಗ್ಯಾಂಗಿನ ಹುಡುಗ ಶಿದ್ರಾಮ ಬುಟ್ಟಿ ಇಳಿಸಿ ನನ್ನನ್ನೇ ನೋಡುತ್ತಾ ನಿಂತ.

ಆಮೇಲೆ ರಿಜಿಸ್ಟರ್ ನೆನಪಾಯಿತು. ಮೂರು ರಿಪೋರ್ಟ್. ಮೂರಕ್ಕೂ ನನ್ನ ಸಹಿ. ತಗಡು ಸಪಾಟಾಗಿದೆಯೇ, ಸ್ವಚ್ಛವಾಗಿದೆಯೇ ನೋಡಬೇಕೆಂಬುದು ಪುಸ್ತಕದ ಮೊದಲನೆಯ ಸಾಲು. ನಾನು ಒಮ್ಮೆಯಾದರೂ ನೋಡಿದ್ದೇನೆಯೇ?

ಅಜಿತ ಸರ್‌ಗೆ ಹೇಳಿದೆ. ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಸುಮ್ನ ಇದ್ದಬಿಡ ಅನ್ನಪೂರ್ಣಾ. ನಾಡದ ಹೊಸಾ ಗ್ಯಾಂಗ್ ಬರತೈತಿ, ಹೊಸಾ ತಗಡ ಬರತೈತಿ. ಯಾರಿಗಿ ಗೊತ್ತಾಕ್ಕೈತಿ? ಈಗ ಬಾಯಿ ಬಿಟ್ಟಿ ಅಂದ್ರ ಸಾಹೇಬ್ರು ನಿನ್ನ ಕಾಯಂ ಮಾಡೂದಿಲ್ಲ, ನೋಡ ಮತ್ತ."

ಅದು ಸುಳ್ಳಲ್ಲ. ಇನ್ನು ಇಪ್ಪತ್ತೊಂದು ದಿನ. ಸುಮ್ಮನಿದ್ದರೆ ಮುಗಿಯಿತು. ಸಂಜೆಯವರೆಗೂ ಸುಮ್ಮನಿದ್ದೆ. ಶೆಡ್ಡಿನಲ್ಲಿ ಗ್ಯಾಂಗಿನವರು ಗಂಟು ಕಟ್ಟುತ್ತಿದ್ದರು. ಶೆಟ್ಟೆಪ್ಪ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು, ನನ್ನನ್ನು ನೋಡಿಯೂ ನೋಡಲಿಲ್ಲ. ಊಟ ಸೇರಲಿಲ್ಲ ನನಗೆ.

ಮೇ 11, ಭಾನುವಾರ

ತಗಡು, ರಿಜಿಸ್ಟರ್ ಎರಡನ್ನೂ ಹೊತ್ತುಕೊಂಡು ಗೋಕಾಕಕ್ಕೆ ಹೋದೆ! ಮೂಡಲಗಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ತಡೆದ. "ಹೆಣ್ಮಕ್ಕಳಿಗೆ ಫ್ರೀ ಐತ್ರಿ, ತಗಡಿಗಿಲ್ಲ." ಲಗೇಜ್ ಚೀಟಿ ಹರಿದೇ ಬಿಟ್ಟ. ದಾರಿಯುದ್ದಕ್ಕೂ ಹೆಂಗಸರು ಎಷ್ಟು ಮಂದಿಯ ಅಡುಗೆ, ಯಾರ ಮದುವೆ ಎಂದು ಕೇಳಿದರು.

ರಾಜಪ್ಪ ಸಾಹೇಬರು ಮನೆಯ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ತಗಡು ನೆಲಕ್ಕಿಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಒಂದು ಮೂಲೆ ಒತ್ತಿದರು, ಇನ್ನೊಂದು ಮೂಲೆ ಟಣ್ ಎಂದು ಎದ್ದಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಥಾಲಿಪಟ್ಟ!" ಎಂದು ಒಳಗೆ ಹೆಂಡತಿಗೆ ಕೂಗಿ ಹೇಳಿದರು. ನಾನೂ ನಕ್ಕೆ. ಆಮೇಲೆ ರಿಜಿಸ್ಟರ್ ತೆರೆದರು, ನಗು ನಿಂತಿತು.

"ಸಹಿ ಮಾಡೂಕಿಂತ ಮೊದಲ ತಗಡ ನೋಡಿದ್ದೇನು?"

"ಇಲ್ರಿ ಸರ್."

"ಹನ್ನೆರಡ ಮಂದಿ ಹೊಟ್ಟಿ ಮ್ಯಾಲೆ ಹೊಡದೀದಿ."

ಸಾಹೇಬರು ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು.

"ಅಳಿಸಬ್ಯಾಡ, ಹಾಳಿ ಹರೀಬ್ಯಾಡ. ಮೂರಕ್ಕೂ ಒಂದೊಂದ ಗೀಟ ಎಳಿ. ಬರದದ್ದ ಕಾಣಬೇಕು, ತಪ್ಪಂತನೂ ಕಾಣಬೇಕು. ಬಾಜೂಕ ಕಾರಣ ಬರದ ಸಹಿ ಮಾಡು."

ಬರೆದೆ. "ತಪಾಸಣೆ ಮಾಡುವವಳು ತಗಡನ್ನು ಪರೀಕ್ಷಿಸಿರಲಿಲ್ಲ. ಗೌಂಡಿಯ ತಪ್ಪಿಲ್ಲ." ಯಮನವ್ವನ ಹೆಸರು ಬರೆಯಲಿಲ್ಲ. ಸಾಹೇಬರು ಅಲ್ಲೇ ಅಜಿತ ಸರ್‌ಗೆ ಫೋನ್ ಮಾಡಿ ಗ್ಯಾಂಗ್ ಬದಲಿಸಬಾರದೆಂದರು.

"ನನ್ನ ನೌಕರಿ, ಸರ್?"

"ಅದನ್ನ ಇವತ್ತ ಕೇಳಬ್ಯಾಡ."

ಅಂದರೆ ಹೋಯಿತು ಎಂದೇ ಅರ್ಥ. ಆದರೂ ವಾಪಸ್ ಬರುವಾಗ ಬಸ್ಸಿನ ಕಿಟಕಿಯಲ್ಲಿ ತಲೆ ಇಟ್ಟು ಗಡದ್ದು ನಿದ್ದೆ ಮಾಡಿದೆ.

ಮೇ 12, ಸೋಮವಾರ

ಬೆಳಿಗ್ಗೆ ಎಲ್ಲರ ಮುಂದೆ ಹೇಳಿದೆ. "ತಪ್ಪ ನಂದ್ರಿ. ನೀವ ಹೆಚ್ಚ ನೀರ ಹಾಕಿರಲಿಲ್ಲ. ಮೂರೂ ರಿಪೋರ್ಟ ಹೊಡದ ಹಾಕೇನಿ."

ಶೆಟ್ಟೆಪ್ಪ ಕಾಕಾ ಕೈಯಲ್ಲಿದ್ದ ಗಂಟು ಕೆಳಗಿಟ್ಟರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. "ಹಂಗಾದ್ರ ನನ್ನ ಮುಷ್ಟಿ ಸರಿ ಇತ್ತಿಲ್ಲೋ?" ಎಂದು ಮಾತ್ರ ಕೇಳಿದರು.

"ಸರಿ ಇತ್ರಿ."

"ಆತು," ಎಂದು ಮಿಕ್ಸರ್ ಕಡೆ ನಡೆದರು. ಯಮನವ್ವ ಮಾತ್ರ ಕಟ್ಟಿದ ಗಂಟುಗಳನ್ನು ಬಿಚ್ಚುತ್ತಾ ಒಂದು ತಾಸು ನನ್ನನ್ನೂ, ತನ್ನನ್ನೂ, ಒಡೆದ ಹಂಚನ್ನೂ ಬೈದಳು.

ಮೇ 16, ಶುಕ್ರವಾರ

ಹೊಸ ಆಟ! ಪ್ರತಿ ಮಾಲಿಗೂ ಮೊದಲು ಕಾಕಾ ಮುಷ್ಟಿ ಹಿಡಿದು ಅಂಕಿ ಹೇಳಬೇಕು, ಆಮೇಲೆ ನಾನು ಅಳೆಯಬೇಕು. ಕಾಕಾ: ತೊಂಬತ್ತು. ಕೋನ್: ತೊಂಬತ್ತೈದು. ಕಾಕಾ: ನೂರಾ ಹತ್ತು. ಕೋನ್: ನೂರಾ ಹತ್ತು! ನಾನು ಚಪ್ಪಾಳೆ ಹೊಡೆದೆ. ಕಾಕಾ ಮೀಸೆ ತಿರುವಿದರು.

ನನಗೂ ಕಲಿಸಿದರು. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬೇಕು, ಆದರೆ ಬೆರಳ ಸಂದಿಯಿಂದ ನೀರು ಇಳಿಯಬಾರದು. ನಾನು ಹೇಳಿದ್ದು ಎಂಬತ್ತು, ಬಂದದ್ದು ನೂರಾ ಹದಿನೈದು. "ಮೇಡಂ ರಿಜೆಕ್ಟ್!" ಎಂದ ಶಿದ್ರಾಮ. ನಕ್ಕು ನಕ್ಕು ಸಾಕಾಯಿತು.

ಮೇ 20, ಮಂಗಳವಾರ

ಸ್ಲ್ಯಾಬ್ ಹಾಕಿ ಮುಗಿಯಿತು! ಕೈಯೆಲ್ಲ ಒಡೆದಿದೆ, ಪೆನ್ನು ಹಿಡಿಯಲಾಗುತ್ತಿಲ್ಲ, ಆದರೂ ಬರೆಯದೆ ಮಲಗಲಾರೆ.

ಬೆಳಿಗ್ಗೆ ಆರಕ್ಕೆ ಯಮನವ್ವ ಕಾಯಿ ಒಡೆದಳು. ತಾನೇ ಕಲಸಿ ತಾನೇ ತರುವ ದೊಡ್ಡ ಗಾಡಿಯನ್ನು ಬಾಡಿಗೆಗೆ ತರಿಸಿದ್ದರು. ಒಂದೊಂದು ಗಾಡಿಗೂ ಅಳತೆ. ನೂರು, ತೊಂಬತ್ತೈದು, ನೂರಾ ಹತ್ತು. ಗ್ಯಾಂಗಿನ ಹುಡುಗಿಯರು ಬುಟ್ಟಿ ಸಾಗಿಸುವಾಗ ಅಂಕಿಯನ್ನು ಒಬ್ಬರಿಂದೊಬ್ಬರಿಗೆ ಕೂಗುತ್ತಿದ್ದರು, ಕ್ರಿಕೆಟ್ ಸ್ಕೋರ್ ಥರ!

ಮೂರು ಗಂಟೆಗೆ ಪಶ್ಚಿಮಕ್ಕೆ ಮೋಡ ಕಪ್ಪಿಟ್ಟಿತು. ಗಾಳಿ ಎದ್ದಿತು. ಅಜಿತ ಸರ್ "ಲಗೂ, ಲಗೂ" ಎಂದು ಕುಣಿಯತೊಡಗಿದರು. ಇನ್ನು ಎರಡೇ ಗಾಡಿ ಮಾಲು ಬೇಕಿತ್ತು. ಆಗ ಬಂದ ಗಾಡಿಯ ಮಾಲು ತೆಗೆದು ಕೋನ್ ಎತ್ತಿದೆ. ಪಚಕ್ಕನೆ ಕೂತಿತು. ನೂರಾ ಎಪ್ಪತ್ತು.

ಪ್ಲೇಟಿಗೆ ಸ್ಕೇಲ್ ಇಟ್ಟು ನೋಡಿದೆ, ಸಪಾಟು. ಒರೆಸಿದೆ. ಮತ್ತೆ ತುಂಬಿದೆ. ಮತ್ತೆ ನೂರಾ ಎಪ್ಪತ್ತು. ಕೈಯಲ್ಲಿ ಹಿಡಿದೆ, ಬೆರಳ ಸಂದಿಯಿಂದ ನೀರು ಇಳಿಯಿತು.

ಸ್ಲ್ಯಾಬಿನ ಮೇಲಿದ್ದ ಕಾಕಾ, ಗ್ಯಾಂಗಿನವರ ಕಡೆ ನೋಡಿದೆ. ಇವರನ್ನೇ ಮೂರು ಸಲ ಸುಳ್ಳು ಅಪರಾಧಿ ಮಾಡಿದವಳು ನಾನು. ಈಗ ಮತ್ತೆ ಇವರ ಮುಂದೆಯೇ ನಿಂತು ನೀರು ಹೆಚ್ಚು ಎನ್ನಬೇಕೆ? ಒಂದು ಗಾಡಿ ಹೋದರೆ ಯಾರಿಗೆ ತಿಳಿಯುತ್ತದೆ? ಅಜಿತ ಸರ್ "ಹಾಕ್ಸ, ಹಾಕ್ಸ, ಮಳಿ ಬಂತು" ಎಂದು ಒದರುತ್ತಿದ್ದರು.

"ಬ್ಯಾಡ್ರಿ," ಎಂದೆ. "ಈ ಗಾಡಿ ಹಾಕಬ್ಯಾಡ್ರಿ. ನೂರಾ ಎಪ್ಪತ್ತ ಐತಿ."

ಎಲ್ಲರೂ ನಿಂತರು. ಅಜಿತ ಸರ್ ರೇಗಿದರು. "ಹ್ವಾದ ಸಲದ್ದ ಮರತಿ ಏನು? ಮತ್ತ ಶುರು ಮಾಡಿದೇನು?"

ಶೆಟ್ಟೆಪ್ಪ ಕಾಕಾ ಸ್ಲ್ಯಾಬಿನ ಮೇಲಿಂದ ಇಳಿದು ಬಂದರು. ಕುಸಿದ ಗುಡ್ಡೆ ನೋಡಿದರು, ನನ್ನ ಮುಖ ನೋಡಿದರು.

"ಆಕಿ ಹೇಳೂದ ಖರೆ ಐತ್ರಿ. ನೀರ ನಾನ ಹಾಕ್ಸೇನಿ. ಮೋಡ ನೋಡಿ ಗಾಬರಿ ಬಿತ್ತು, ಹುಡುಗ್ರ ಕೈ ಸೋತಿದ್ದುವು. ಲಗೂ ಹರೀಲಿ ಅಂತ ಎರಡ ಕೊಡಾ ಹಾಕಂದ್ನಿ."

ಅಷ್ಟು ಹೇಳಿ ತಾವೇ ಡ್ರೈವರನಿಗೆ ಕೈ ಮಾಡಿ ಗಾಡಿಯನ್ನು ದಂಡೆಯ ಗುಂಡಿಯ ಕಡೆ ತಿರುಗಿಸಿದರು. ಪೂರಾ ಗಾಡಿ ಮಾಲು ಸುರಿದು ಹೋಯಿತು. ಅದನ್ನು ನೋಡುತ್ತಾ ನನಗೆ ಅಳು ಬಂತು. ಮೇ 5ರಂದು ಚೆಲ್ಲಿಸಿದಾಗ ಹಿಗ್ಗಿದ್ದೆನಲ್ಲ ಎಂದು ನೆನಪಾಯಿತು.

ಮುಂದಿನ ಗಾಡಿ ನೂರಾ ಐದು! ಅದರ ಮುಂದಿನದು ನೂರು! ಬುಟ್ಟಿ ಸಾಲದಾದಾಗ ನಾನೂ ಓಡಾಡಿ ಹೊತ್ತೆ. ಐದೂವರೆಗೆ ಕೊನೆಯ ಬುಟ್ಟಿ. ತಾಡಪತ್ರಿ ಹೊದಿಸಿ ಮೂಲೆಗೆ ಕಲ್ಲು ಇಡುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಹನ್ನೆರಡೂ ಮಂದಿ, ನಾನು, ಡ್ರೈವರ್, ಕೊನೆಗೆ ಅಜಿತ ಸರ್ ಸಹ ಅದೇ ಶೆಡ್ಡಿನಲ್ಲಿ ಒತ್ತೊತ್ತಾಗಿ ನಿಂತು ಚಹಾ ಕುಡಿದೆವು. ರಿಜಿಸ್ಟರಿನಲ್ಲಿ ಬರೆದಿದ್ದೇನೆ: ಆರನೆಯ ಗಾಡಿ, 170, ಚೆಲ್ಲಲಾಯಿತು.

ಮೇ 31, ಶನಿವಾರ

ಎಷ್ಟು ದಿನ ಆಯಿತು ಬರೆದು! ಸ್ಲ್ಯಾಬಿಗೆ ದಿನಾ ನೀರು ಉಣಿಸುವುದರಲ್ಲೇ ಹೊತ್ತು ಹೋಯಿತು. ಏಳು ದಿನದ ಪರೀಕ್ಷೆಯಲ್ಲಿ ಬಲ ಬೇಕಾದದ್ದಕ್ಕಿಂತ ಹೆಚ್ಚೇ ಬಂದಿದೆ. ಕಾಕಾಗೆ ಹೇಳಿದರೆ "ಬರಲಾರದ ಏನ್ ಮಾಡತೈತಿ?" ಎಂದರು, ಆದರೆ ಅದೇ ಅಂಕಿಯನ್ನು ನಾಲ್ಕು ಮಂದಿಗೆ ಫೋನ್ ಮಾಡಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ಮಧ್ಯಾಹ್ನ ಗೋಕಾಕದಿಂದ ರಾಜಪ್ಪ ಸಾಹೇಬರ ಫೋನ್. ಹುಕ್ಕೇರಿ ಹತ್ತಿರ ಒಂದು ಹಳ್ಳಿಗೆ ಎತ್ತರದ ನೀರಿನ ಟಾಕಿ ಕಟ್ಟುವುದಿದೆ, ಯಾವ ಗ್ಯಾಂಗ್ ಇದ್ದರೆ ಒಳ್ಳೆಯದು ಎಂದು ನನ್ನನ್ನು ಕೇಳಿದರು. ನನ್ನನ್ನು! ಫೋನ್ ಹಿಡಿದುಕೊಂಡೇ ಶೆಡ್ಡಿಗೆ ಓಡಿದೆ.

"ಕಾಕಾ, ಬರ್ತೀರೇನ್ರಿ? ಆದ್ರ ಅಳ್ಯಾಕ ನಾನ ಇರ್ತೇನಿ. ವಿಚಾರ ಮಾಡಿ ಹೇಳ್ರಿ. ನಾ ನಿಮಗ ಭಾಳ ತ್ರಾಸ ಕೊಟ್ಟೇನಿ."

ಕಾಕಾ ಕರಣಿ ತೊಳೆಯುತ್ತಿದ್ದರು. "ನೀ ಅಳೀತಿ ಅಂದ್ರ ಬರ್ತೇವಿ, ತಂಗಿ," ಎಂದರು. "ಅಳ್ಯಾವರ ಇಲ್ಲದ ಸೈಟಿನ್ಯಾಗ ಇಪ್ಪತ್ತ ವರ್ಷ ದುಡದೇನಿ. ಎಲ್ಲೆರ ಒಂದ ಬಿರುಕ ಬಿಡ್ಲಿ, ಗೌಂಡಿ ಕಳ್ಳ ಅಂತಾರ. ನಾ ಕಳ್ಳ ಅಲ್ಲಂತ ಬರದ ಸಹಿ ಮಾಡಿದಾಕಿ ನೀ ಒಬ್ಬಾಕಿನ."

ಯಮನವ್ವನ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಮುರಿದೆ. ಸೋಮವಾರ ಎಂಟಕ್ಕೆ ಟೆಂಪೋ ಬರುತ್ತದೆ. ಹನ್ನೆರಡು ಮಂದಿ, ಪಾತ್ರೆಗಳು, ಕೋನು, ಎಲ್ಲ ಒಂದೇ ಗಾಡಿಯಲ್ಲಿ. ಟಾಕಿಗೆ ನೀರು ಸೋರದ ಕಾಂಕ್ರೀಟ್ ಬೇಕು, ಅದಕ್ಕೆ ಎಷ್ಟು ಕುಸಿಯಬೇಕೆಂದು ಕಾಕಾ ಆಗಲೇ ಕೇಳುತ್ತಿದ್ದಾರೆ. ಪುಸ್ತಕ ತೆಗೆದು ನೋಡಬೇಕು.

ಅಯ್ಯ, ಬರೆಯುವುದನ್ನೇ ಮರೆತೆ. ನಾನು ಕಾಯಂ ಆದೆ.